ನಮ್ಮ ಸೀಮೆಯ ರಾಗಿ: ಹಗೇವಿನಿಂದ ಶಾಲೆಯ ತಟ್ಟೆಯವರೆಗೆ

ಶಾಲೆಯ ಕಟ್ಟಡ, ದಾನಿಗಳು, ಗುರುಪರಂಪರೆ ಇವುಗಳ ಚರಿತ್ರೆಯನ್ನು ಈ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾವು ಆರಿಸಿಕೊಂಡಿರುವುದು ಶಾಲೆಯ ಬೇಲಿಯಾಚೆಗಿನ ಹೊಲವನ್ನು. ನೂರು ವರ್ಷಗಳಿಂದ ಇಲ್ಲಿ ಅಕ್ಷರ ಕಲಿತ ಮಕ್ಕಳ ಮೂಳೆಗಳನ್ನು ಗಟ್ಟಿ ಮಾಡಿದ ಧಾನ್ಯಕ್ಕೂ ಒಂದು ಚರಿತ್ರೆಯಿದೆ. ಅದು ಶಾಲೆಯ ಚರಿತ್ರೆಗಿಂತ ಬಹಳ ಹಿರಿದು.

ಕೃಷ್ಣಗಿರಿಯ ಸುತ್ತಿನ ಬಾರಾಮಹಲು ಘಟ್ಟದ ಕೆಳಗಿನ ನಾಡು. ಹೊಸೂರು, ತಳಿ, ಡೆಂಕಣಿಕೋಟೆಗಳು ಘಟ್ಟದ ಮೇಲಿನವು, ಮೈಸೂರು ಪ್ರಸ್ಥಭೂಮಿಯ ಅಂಚು. ಬಾರಾಮಹಲು 1792ರಲ್ಲಿ ಟಿಪ್ಪೂವಿನ ಕೈತಪ್ಪಿ ಇಂಗ್ಲಿಷರಿಗೆ ಸೇರಿತು; ಹೊಸೂರಿನ ಸೀಮೆ ಸೇರಿದ್ದು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ. ಮುಂದೆ ಸೇಲಂ ಜಿಲ್ಲೆ, 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಎಂದು ನಮ್ಮ ವಿಳಾಸ ಬದಲಾಗುತ್ತಲೇ ಬಂದಿತು. ಬದಲಾಗದೆ ಉಳಿದದ್ದು ಕೆಂಪು ಮಣ್ಣು ಮತ್ತು ಅದರಲ್ಲಿ ಬೆಳೆಯುವ ರಾಗಿ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಬೆಂಗಳೂರಿನ ಸುತ್ತಲಿನ ಬೆದ್ದಲು ಹೊಲಗಳಲ್ಲಿ ರಾಗಿಯೇ ಮುಖ್ಯ ಬೆಳೆಯೆಂದೂ ಬಡಜನರ ಆಹಾರವೆಲ್ಲ ಅದೇ ಎಂದೂ ದಾಖಲಿಸಿದನು. ಹೊಸೂರಿಗೂ ಬೆಂಗಳೂರಿಗೂ ಹತ್ತು ಹರಿದಾರಿಯೂ ಇಲ್ಲ. ಆ ಮಾತು ನಮಗೂ ಸಲ್ಲುತ್ತದೆ.

ಇಷ್ಟಾಗಿ ರಾಗಿ ಈ ನೆಲದಲ್ಲಿ ಹುಟ್ಟಿದ್ದಲ್ಲ. ಅದರ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಬಂದು, ಇಲ್ಲಿಯ ಅವರೆ, ತೊಗರಿ, ಹುಚ್ಚೆಳ್ಳುಗಳ ಜೊತೆ ಅಕ್ಕಡಿ ಸಾಲುಗಳಲ್ಲಿ ನೆಂಟಸ್ತನ ಬೆಳೆಸಿತು. ಕಡಿಮೆ ನೀರಿನಲ್ಲಿಯೂ ಬಿಸಿಲನ್ನು ಚೆನ್ನಾಗಿ ಬಳಸಿಕೊಳ್ಳುವ ಗುಣ ಅದರ ಎಲೆಯಲ್ಲಿದೆ. ಬರಗಾಲದಲ್ಲಿ ಬಾಡಿ ಮಲಗಿದ ಪೈರು ಒಂದು ಹದಮಳೆಗೆ ಮತ್ತೆ ತಲೆಯೆತ್ತುವುದನ್ನು ನಮ್ಮ ಹಿರಿಯರೆಲ್ಲ ಕಂಡಿದ್ದಾರೆ.

ಕಾಳಿನ ಇನ್ನೊಂದು ಗುಣ ಬಾಳಿಕೆ. ಅದರಲ್ಲಿ ಕೊಬ್ಬಿನ ಅಂಶ ಅತ್ಯಲ್ಪ, ಆದುದರಿಂದ ಬೇಗ ಮುಗ್ಗುವುದಿಲ್ಲ. ಕಾಳು ಸಣ್ಣದು, ಸಿಪ್ಪೆ ಒಗರು, ಆದುದರಿಂದ ಹುಳುವೂ ಸುಲಭವಾಗಿ ಸೇರದು. ಒಣಗಿಸಿ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವು ತೆರೆದೊಡನೆ ಇಳಿಯಬಾರದು, ಒಳಗಿನ ಗಾಳಿಯಲ್ಲಿ ಉಸಿರು ಕಟ್ಟುತ್ತದೆ ಎಂಬ ಎಚ್ಚರಿಕೆಯೂ ಮನೆಮನೆಯಲ್ಲಿತ್ತು. ಮುಚ್ಚಿದ ಗುಳಿಯೊಳಗೆ ಕಾಳು ಉಸಿರಾಡಿ ಆಮ್ಲಜನಕವನ್ನು ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ; ಹುಳುವನ್ನು ಕೊಲ್ಲುವುದೂ, ಅವಸರಪಟ್ಟ ಮನುಷ್ಯನನ್ನು ಕೆಡವುವುದೂ ಅದೇ.

ಆದರೆ ಹಗೇವು ಎಲ್ಲರನ್ನೂ ಕಾಯಿತೆಂದು ಬರೆದರೆ ಚರಿತ್ರೆಗೆ ದ್ರೋಹವಾಗುತ್ತದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಸೇಲಂ ಜಿಲ್ಲೆಯೂ ಮೈಸೂರೂ ಒಟ್ಟಿಗೆ ಬೆಂದವು. ಹಗೇವು ಇದ್ದದ್ದು ಹೊಲವಿದ್ದವರ ಮನೆಯಲ್ಲಿ; ಕೂಲಿಯವರಿಗೆ ಹಗೇವು ಎಲ್ಲಿಯದು? 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಅದೇ ಕ್ಷಾಮದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯದ ಲೆಕ್ಕದಲ್ಲಿ ಕೂಲಿ ಸಾಕೆಂದನು. ಮದರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ದುಡಿಯುವ ದೇಹ ಇಷ್ಟರಲ್ಲಿ ಉಳಿಯದೆಂಬುದು ಅವನ ವಾದ. ಮನುಷ್ಯನಿಗೆ ಎಷ್ಟು ಅನ್ನ ಬೇಕು ಎಂಬ ವಿಜ್ಞಾನದ ಪ್ರಶ್ನೆ ನಮ್ಮ ನಾಡಿನಲ್ಲಿ ಹೀಗೆ ಹೆಣಗಳ ನಡುವೆ ಚರ್ಚೆಯಾಯಿತು. ಆ ಕ್ಷಾಮ ಇಳಿಮುಖವಾದ 1878ರ ಡಿಸೆಂಬರಿನಲ್ಲಿಯೇ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ರಾಜಾಜಿಯವರು ಜನಿಸಿದರು.

ಮೈಸೂರು ಸಂಸ್ಥಾನದಲ್ಲಿ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ರಾಗಿಯನ್ನು ಸಂಶೋಧನೆಗೆ ಯೋಗ್ಯವಾದ ಬೆಳೆಯೆಂದು ಕೈಗೆತ್ತಿಕೊಂಡರು. ಮುಂದೆ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ತಳಿಗಳನ್ನು ಆಫ್ರಿಕದ ತಳಿಗಳೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಜನ ಅವರನ್ನು ಕರೆದರು. ಇದಕ್ಕಿಂತ ದೊಡ್ಡ ಬಿರುದನ್ನು ನಾವು ಕೇಳಿಲ್ಲ. 1956ರಲ್ಲಿ ಭಾಷಾವಾರು ಗಡಿ ನಮ್ಮನ್ನು ಮದರಾಸು ರಾಜ್ಯದಲ್ಲಿಯೇ ಉಳಿಸಿತಾದರೂ ಬಿತ್ತನೆಯ ಕಾಳಿಗೆ ಗಡಿಯಿಲ್ಲ. ಇತ್ತ ನಮ್ಮ ಜಿಲ್ಲೆಯ ಪೈಯೂರಿನ ಸಂಶೋಧನಾ ಕೇಂದ್ರವೂ ತನ್ನ ಹೆಸರಿನಲ್ಲಿಯೇ ರಾಗಿಯ ತಳಿಗಳನ್ನು ನೀಡಿತು.

ಇಷ್ಟಾದರೂ ರಾಗಿ ತಟ್ಟೆಯಿಂದ ಸರಿಯಿತು. ಇದಕ್ಕೆ ನಾವು ಓದಿದ ಶಾಲೆಗಳೂ ಸಾಕ್ಷಿ. 1956ರಲ್ಲಿ ಕಾಮರಾಜರ ಕಾಲದಲ್ಲಿ ಆರಂಭವಾದ ಮಧ್ಯಾಹ್ನದ ಊಟ, 1982ರಲ್ಲಿ ಎಂ.ಜಿ.ಆರ್. ಅವರ ಸತ್ತುಣವು ಯೋಜನೆಯಾಗಿ ವಿಸ್ತರಿಸಿತು. ಹಸಿದ ಮಕ್ಕಳನ್ನು ಶಾಲೆಗೆ ಕರೆತಂದ ಆ ಪುಣ್ಯಕಾರ್ಯವನ್ನು ಹಳಿಯುವ ಅಧಿಕಾರ ನಮಗಿಲ್ಲ, ನಾವೂ ಉಂಡವರೇ. ಆದರೆ ತಟ್ಟೆಗೆ ಬಿದ್ದದ್ದು ಅಕ್ಕಿಯ ಅನ್ನ. ಹಬ್ಬದಲ್ಲಿ ಮಾತ್ರ ಕಾಣುತ್ತಿದ್ದ ಬಿಳಿಯ ಅನ್ನ ನಿತ್ಯದ್ದಾಯಿತು, ಮನೆಯ ಮುದ್ದೆ ಕಪ್ಪಾಗಿ ಕಾಣತೊಡಗಿತು. ಮನೆಯಿಂದ ಮುದ್ದೆ ತಂದ ದಿನ ಮುಚ್ಚಳವನ್ನು ಅರೆ ತೆರೆದು, ಗೋಡೆಗೆ ಮುಖ ಮಾಡಿ ಉಂಡವರು ನಮ್ಮಲ್ಲಿಯೇ ಇದ್ದೇವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ತಿಳಿದಿದ್ದರೂ ನಾಚಿಕೆ ಹೋಗುತ್ತಿತ್ತೆಂದು ಹೇಳಲಾರೆವು.

ಈಗ ಗಾಳಿ ತಿರುಗಿದೆ. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾಯಿತು. ಅದೇ ವರ್ಷ ನೆರೆಯ ಧರ್ಮಪುರಿಯಲ್ಲಿ ಪಡಿತರದ ಎರಡು ಕಿಲೋ ಅಕ್ಕಿಯ ಬದಲು ರಾಗಿ ಕೊಡುವ ಏರ್ಪಾಡು ಬಂದಿತು. ಸಕ್ಕರೆ ಕಾಯಿಲೆಗೆ ರಾಗಿಯೇ ಮದ್ದೆಂಬ ಉತ್ಸಾಹದ ಮಾತೂ ಕೇಳಿಬರುತ್ತಿದೆ. ನುಣ್ಣನೆಯ ಹಿಟ್ಟಿನ ಮುದ್ದೆಯೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಳತೆಯೂ ಜೊತೆಗಿನ ಸೊಪ್ಪು, ಕಾಳುಗಳ ಸಾರೂ ಮುಖ್ಯ. ಬಸ್ಸಾರು ಮಾಡುತ್ತಿದ್ದ ಅಜ್ಜಿಯರಿಗೆ ಇದು ಲೆಕ್ಕವಿಲ್ಲದೆಯೇ ತಿಳಿದಿತ್ತು. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಬೀಸಿ ಕೂಸಿಗೆ ಸರಿ ಕಾಯಿಸುತ್ತಿದ್ದವರೂ ಅವರೇ. ಮೊಳೆತಾಗ ಕಾಳಿನ ಫೈಟೇಟ್ ಕುಗ್ಗಿ ಕಬ್ಬಿಣದ ಅಂಶ ಮೈಗೆ ಹೆಚ್ಚು ದಕ್ಕುತ್ತದೆ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತ ಅವರ ತೋಳಿನ ನೋವನ್ನು ಮಾತ್ರ ಯಾರೂ ಅಳೆದಿಲ್ಲ.

ಹೊಲಗಳು ಈಗ ಅಷ್ಟಿಲ್ಲ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಲಯ ಬಂದಿತು. ಆಮೇಲೆ ಬಡಾವಣೆಗಳು, ಗುಲಾಬಿಯ ಹಸಿರುಮನೆಗಳು. ಈ ಲೇಖನಕ್ಕಾಗಿ ಏಳನೆಯ ತರಗತಿಯ ಮಕ್ಕಳನ್ನು ಊರ ಹೊರಗಿನ ಹಳೆಯ ಕಣಕ್ಕೆ ಕರೆದೊಯ್ದೆವು. ಹುಲ್ಲಿನಲ್ಲಿ ಅರ್ಧ ಹೂತಿದ್ದ ರೋಣಗಲ್ಲನ್ನು ತೋರಿಸಿ ಏನೆಂದು ಕೇಳಿದೆವು. ರಸ್ತೆ ಮಾಡುವ ಕಲ್ಲು ಎಂದನು ಒಬ್ಬ. ಕೆಲಸದ ಮೇಲೆ ಬಂದಿದ್ದ ಅಡುಗೆಯಮ್ಮ ನಿಂತು, ಎತ್ತು ಕಟ್ಟಿ ಅದನ್ನು ತೆನೆಯ ಮೇಲೆ ಹೇಗೆ ಉರುಳಿಸುತ್ತಿದ್ದರೆಂದು ಕೈಯಾಡಿಸಿ ತೋರಿಸಿದರು. ಮಕ್ಕಳು ಐವರು ಸೇರಿ ತಳ್ಳಿದರು. ಕಲ್ಲು ಒಂದು ಸುತ್ತು ಉರುಳಿತು.