ಹುಂಜ ಯಾವುದು, ಹ್ಯಾಟಿ ಯಾವುದು? ಒಂದು ದಿನದ ಮರಿ ಗುರುತಿಸೋ ವಿದ್ಯೆಯ ಕಥೆ

ಈ ಸಲ ಬರಹ ಸ್ವಲ್ಪ ಉದ್ದ ಅದ. ಕೆಲಸ ಮುಗಿಸಿ ರಾತ್ರಿ ಆರಾಮಾಗಿ ಓದ್ರಿ.

ನಮ್ಮ ಹುಣಸಗಿ ಸುತ್ತಮುತ್ತ ಗಾಡಿ ಮ್ಯಾಲ ಬುಟ್ಟಿ ಕಟ್ಟಿಕೊಂಡು ಕೋಳಿ ಮರಿ ಮಾರೋರು ಓಣಿ ಓಣಿಗೆ ಬರ್ತಾರ. "ಎಲ್ಲಾ ಹ್ಯಾಟಿ ಮರಿ ಅದಾವ್ರಿ, ಐದಾರು ತಿಂಗಳಿಗೆ ತತ್ತಿ ಶುರು" ಅಂತ ಹೇಳಿ ಮರಿಗೆ ಹತ್ತು ರೂಪಾಯಿ ಹೆಚ್ಚಿಗಿ ಕೇಳ್ತಾರ. ಮೂರು ತಿಂಗಳಾದ ಮ್ಯಾಲ ನೋಡಿದ್ರ ಅರ್ಧಕ್ಕಿಂತ ಹೆಚ್ಚು ಹುಂಜ ಆಗಿ ಕೂಗ್ತಿರ್ತಾವ. ಅದಕ್ಕ ಭಾಳ ಮಂದಿ ಕೇಳೋ ಪ್ರಶ್ನೆ: ಒಂದು ದಿನದ ಮರಿ ನೋಡಿ ಗಂಡೋ ಹೆಣ್ಣೋ ಹೇಳಾಕ ಬರ್ತದೇನು?

ಬರ್ತದ. ಆದ್ರ ನಮ್ಮ ಜವಾರಿ ಮರಿಗೆ ಅಲ್ಲ, ಬುಟ್ಟಿ ಮುಂದ ನಿಂತು ಅಲ್ಲ. ಯಾಕ ಅಂತ ತಿಳೀಬೇಕಂದ್ರ ಈ ವಿದ್ಯೆ ಎಲ್ಲಿ ಹುಟ್ಟಿತು, ಯಾರಿಗೆ ಬೇಕಾಗಿ ಹುಟ್ಟಿತು ಅನ್ನೋದು ನೋಡಬೇಕು.

ಮೊದಲು ಹಳೇ ನಂಬಿಕಿ. ನಮ್ಮಲ್ಲಿ ಹಿರೇರು ಚೂಪು ತತ್ತಿಯೊಳಗ ಹುಂಜ, ದುಂಡು ತತ್ತಿಯೊಳಗ ಹ್ಯಾಟಿ ಅಂತಾರ. ಇದು ನಮ್ಮ ಊರಿನ ಮಾತಷ್ಟೇ ಅಲ್ಲ. ಸುಮಾರು 2300 ವರ್ಷದ ಹಿಂದೆ ಗ್ರೀಕ್ ದೇಶದ ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದರಲ್ಲಿ ಉದ್ದಕ್ಕೆ ಚೂಪಾಗಿರೋ ತತ್ತಿ ಹೆಣ್ಣು, ದುಂಡಗಿನದು ಗಂಡು ಅಂತ ಹೇಳಿದ. ಮುಂದೆ ಮೂರ್ನಾಲ್ಕು ನೂರು ವರ್ಷಕ್ಕೆ ರೋಮ್ ರಾಜ್ಯದಲ್ಲಿ ಕೊಲುಮೆಲ್ಲಾ ಅನ್ನೋ ಒಕ್ಕಲುತನದ ಪಂಡಿತ ಉಲ್ಟಾ ಹೇಳಿದ: ಹುಂಜ ಬೇಕಾದ್ರೆ ಚೂಪು ತತ್ತಿ ಕಾವಿಗೆ ಇಡ್ರಿ, ಹ್ಯಾಟಿ ಬೇಕಾದ್ರೆ ದುಂಡಗಿನವು ಇಡ್ರಿ ಅಂತ. ಇಬ್ಬರೂ ದೊಡ್ಡವರು, ಇಬ್ಬರದೂ ಒಂದಕ್ಕೊಂದು ವಿರುದ್ಧ. ಆದ್ರೂ ಎರಡೂ ಮಾತು ಸಾವಿರಾರು ವರ್ಷ ಬದುಕಿದವು.

ಹ್ಯಾಂಗ ಬದುಕಿದವು ಅಂದ್ರ, ಲೆಕ್ಕ ಸರಳ ಅದ. ಮರಿಗಳಲ್ಲಿ ಗಂಡು-ಹೆಣ್ಣು ಹೆಚ್ಚು ಕಡಿಮಿ ಅರ್ಧ ಅರ್ಧ. ನೀವು ಏನು ಹೇಳಿದ್ರೂ 10ಕ್ಕೆ 5 ಖರೇ ಆಗೇ ಆಗ್ತದ. ಖರೇ ಆದದ್ದು ನೆನಪಿರ್ತದ, ಸುಳ್ಳಾದದ್ದು ಮರೆತು ಹೋಗ್ತದ. ಮರಿ ಕುತ್ತಿಗಿ ಹಿಡಿದು ಎತ್ತಿದ್ರ ಕಾಲು ಮಡಚ್ತದೋ ಜೋತು ಬಿಡ್ತದೋ ನೋಡೋದು, ದಾರಕ್ಕ ಉಂಗುರ ಕಟ್ಟಿ ಮರಿ ಮ್ಯಾಲ ಹಿಡಿದು ಸುತ್ತೋದು ನೋಡೋದು, ಇವೆಲ್ಲಾ ಇದೇ ಅರ್ಧದ ಲೆಕ್ಕದ ಮ್ಯಾಲ ನಿಂತಾವ.

ಆಡಿನ ಮರಿ, ಕರ ಆದ್ರ ಬಾಲ ಎತ್ತಿದ್ರ ಸಾಕು, ಗೊತ್ತಾಗ್ತದ. ಕೋಳಿಗೆ ಹಂಗಿಲ್ಲ. ಹುಂಜದ ವೃಷಣ ಹೊಟ್ಟಿ ಒಳಗ, ಬೆನ್ನಿಗೆ ಹತ್ತಿಕೊಂಡು ಇರ್ತಾವ. ಹಿಕ್ಕಿ ಹಾಕೋದು, ತತ್ತಿ ಇಡೋದು, ಕೂಡೋದು ಎಲ್ಲಾ ಒಂದೇ ದ್ವಾರದಿಂದ. ಹೊರಗಿನಿಂದ ನೋಡಿದ್ರ ಗಂಡು ಮರಿ, ಹೆಣ್ಣು ಮರಿ ಎರಡೂ ಒಂದೇ.

ಸಾವಿರಾರು ವರ್ಷ ಇದರಿಂದ ಯಾರಿಗೂ ತ್ರಾಸ ಆಗಲಿಲ್ಲ. ಹ್ಯಾಟಿ ತತ್ತಿಗೆ, ಹುಂಜ ಮಾಂಸಕ್ಕೆ. ಎರಡಕ್ಕೂ ಬೆಲೆ ಇತ್ತು. ತ್ರಾಸ ಶುರು ಆದದ್ದು ಕೋಳಿ ಸಾಕಣೆ ದೊಡ್ಡ ವ್ಯಾಪಾರ ಆದ ಮೇಲೆ. ಇಟಲಿ ದೇಶದ ಲಿವೋರ್ನೊ ಬಂದರಿನ ಹೆಸರಿಂದ ಬಂದದ್ದು ಲೆಗ್‌ಹಾರ್ನ್ ಕೋಳಿ. 19ನೇ ಶತಮಾನದಲ್ಲಿ ಅದು ಅಮೆರಿಕಕ್ಕೆ ಹೋಯಿತು. ಮೈ ಸಣ್ಣದು, ತಿನ್ನೋದು ಕಡಿಮೆ, ಬಿಳಿ ತತ್ತಿ ರಾಶಿ ಹಾಕ್ತದ. ಆದ್ರ ಅದರ ಹುಂಜದ ಮೈಯಲ್ಲಿ ಮಾಂಸ ಇಲ್ಲ. ಕಾವಿನ ಯಂತ್ರ ಬಂದು ಒಂದೇ ಸಲ ಸಾವಿರಗಟ್ಟಲೆ ಮರಿ ತೆಗೆಯೋ ಹ್ಯಾಚರಿ ಎದ್ದಾಗ, ತತ್ತಿ ಫಾರಂ ಇಟ್ಟವನಿಗೆ ಅರ್ಧ ಮರಿಗೆ ದಂಡಕ್ಕೆ ಕಾಳು ಹಾಕೋ ಹಂಗಾಯಿತು. ಆಗ ಮೊದಲನೇ ದಿನಕ್ಕೇ ಗಂಡು ಬೇರೆ, ಹೆಣ್ಣು ಬೇರೆ ಮಾಡೋದು ರೊಕ್ಕದ ಮಾತಾಯಿತು.

ಇದಕ್ಕೆ ಎರಡು ಕಡೆಯಿಂದ ದಾರಿ ತೆರೆಯಿತು. ಒಂದು ಇಂಗ್ಲೆಂಡ್, ಇನ್ನೊಂದು ಜಪಾನ್.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪನ್ನೆಟ್ ಅನ್ನೋ ವಿಜ್ಞಾನಿ ಇದ್ದ. ಶಾಲೆ ಪುಸ್ತಕದಲ್ಲಿ ಮೆಂಡೆಲ್ ಬಟಾಣಿ ಲೆಕ್ಕ ಮಾಡೋ ಚೌಕ ಬರ್ತದಲ್ಲ, ಆ ಚೌಕ ಇವನ ಹೆಸರಿಂದು. ಮೊದಲನೇ ಮಹಾಯುದ್ಧದಲ್ಲಿ ಆ ದೇಶದಲ್ಲಿ ಕಾಳಿಗೆ ಬರ ಬಂತು. ಬ್ಯಾಡಾದ ಹುಂಜಕ್ಕೆ ಕಾಳು ಹಾಕೋದು ಉಳಿಸಬೇಕಾದ್ರೆ ಹುಟ್ಟಿದ ದಿನವೇ ಬಣ್ಣ ನೋಡಿ ಆರಿಸೋ ತಳಿ ಮಾಡಬಹುದು ಅಂತ ಅವ ಹೇಳಿದ. 1929ರಲ್ಲಿ ಕ್ಯಾಂಬಾರ್ ಅನ್ನೋ ತಳಿ ಹೊರಗೆ ಬಂತು. ಅದರಲ್ಲಿ ಗಂಡು ಮರಿಯ ತುಪ್ಪಳ ತಿಳಿ ಬಣ್ಣ, ಹೆಣ್ಣು ಮರಿಯದು ಗಾಢ ಬಣ್ಣ.

ಇದರ ಒಳಗಿನ ಗುಟ್ಟು ತಿಳಿಯೋದು ಭಾಳ ಮುಖ್ಯ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅನ್ನೋದು ತಂದೆ ಕಡೆಯಿಂದ ಬರ್ತದ. (ಆದ್ರೂ ಹೆಣ್ಣು ಹಡದಳಂತ ಸೊಸಿಗೇ ಬೈತಾರ, ಆ ಮಾತು ಬ್ಯಾರೆ.) ಕೋಳಿಯಲ್ಲಿ ಅದು ತಾಯಿ ಕಡೆಯಿಂದ ಬರ್ತದ. ಹುಂಜಕ್ಕೆ ಝಡ್ ಅನ್ನೋ ವರ್ಣತಂತು ಎರಡು, ಹ್ಯಾಟಿಗೆ ಒಂದೇ ಝಡ್, ಇನ್ನೊಂದು ಡಬ್ಲ್ಯೂ. ಹೆಣ್ಣು ಮರಿಗೆ ತನ್ನ ಒಂದೇ ಝಡ್ ಸಿಗೋದು ಅಪ್ಪನಿಂದ. ಗಂಡು ಮರಿಗೆ ಅಪ್ಪನಿಂದ ಒಂದು, ಅವ್ವನಿಂದ ಒಂದು. ಬಣ್ಣ, ಪುಕ್ಕ ಬೆಳೆಯೋ ವೇಗ, ಇಂಥ ಕೆಲವು ಗುಣ ಈ ಝಡ್ ಮ್ಯಾಲ ಕುಂತಾವ. ಹಂಗಾಗಿ ಸರಿಯಾದ ಜೋಡಿ ಹಾಕಿದ್ರ ಮಗಳು ಅಪ್ಪನ ಹಂಗ, ಮಗ ಅವ್ವನ ಹಂಗ ಹುಟ್ಟತಾವ.

ಉದಾಹರಣೆಗೆ ರೋಡ್ ಐಲೆಂಡ್ ರೆಡ್ ಕೆಂಪು ಹುಂಜಕ್ಕೆ ಲೈಟ್ ಸಸೆಕ್ಸ್ ಅನ್ನೋ ಬಿಳಿ ಹ್ಯಾಟಿ ಜೋಡಿ ಮಾಡಿದ್ರ, ಕಂದು ಬಣ್ಣದ ಮರಿ ಹೆಣ್ಣು, ತಿಳಿ ಹಳದಿ ಮರಿ ಗಂಡು. ಬಿಳಿ ಅಂದ್ರ ಎಲ್ಲಾ ಬಿಳಿ ಒಂದೇ ಅಲ್ಲ. ಬಿಳಿ ಲೆಗ್‌ಹಾರ್ನ್ ಹ್ಯಾಟಿ ಹಾಕಿದ್ರ ಈ ಲೆಕ್ಕ ನಡೆಯಂಗಿಲ್ಲ, ಅದರ ಬಿಳುಪಿನ ಗುಣ ಬ್ಯಾರೆ. ಕೆಂಪು ಹುಂಜ, ಲೈಟ್ ಸಸೆಕ್ಸ್ ಹ್ಯಾಟಿಗೆ ಹುಟ್ಟಿದ ಮರಿಗಳನ್ನೇ ಬೆಳೆಸಿ ಮತ್ತ ಮರಿ ಮಾಡಿದ್ರ, ಎರಡನೇ ತಲೆಮಾರಿಗೆ ಬಣ್ಣದ ಗುರುತು ಕೆಟ್ಟು ಹೋಗ್ತದ.

ರೆಕ್ಕೆ ನೋಡಿ ಹೇಳೋದೂ ಇದೇ ಗುಟ್ಟಿನ ಮ್ಯಾಲ. ಬೇಗ ಪುಕ್ಕ ಬರೋ ತಳಿಯ ಹುಂಜ, ತಡವಾಗಿ ಪುಕ್ಕ ಬರೋ ತಳಿಯ ಹ್ಯಾಟಿ ಜೋಡಿ ಮಾಡ್ತಾರ. ಆ ಮರಿಯ ರೆಕ್ಕೆ ಬಿಚ್ಚಿದ್ರ ಎರಡು ಸಾಲು ಪುಕ್ಕ ಕಾಣ್ತಾವ. ಕೆಳಗಿನ ಸಾಲು ಉದ್ದ, ಮೇಲಿನ ಸಾಲು ಗಿಡ್ಡ ಇದ್ರ ಹೆಣ್ಣು. ಎರಡೂ ಸಮ ಇದ್ರ ಅಥವಾ ಮೇಲಿನದೇ ಉದ್ದ ಇದ್ರ ಗಂಡು. ಮೊದಲನೇ ದಿನವೇ ನೋಡಬೇಕು. ಮೊಬೈಲಿನಾಗ ಈ ವಿಡಿಯೋ ನೋಡಿ ಜವಾರಿ ಮರಿಯ ರೆಕ್ಕೆ ಬಿಚ್ಚೋರು ಒಂದು ಮಾತು ನೆನಪಿಡ್ರಿ: ತಂದೆ-ತಾಯಿ ಯಾವ ತಳಿ ಅಂತ ಗೊತ್ತಿಲ್ಲದ ಮರಿಗೆ ಈ ಗುರುತಿಗೆ ಅರ್ಥ ಇಲ್ಲ.

ಈಗ ಜಪಾನಿನ ದಾರಿ. ಇದಕ್ಕೆ ತಳಿ ಗೊತ್ತಿರಬೇಕಂತಿಲ್ಲ, ಕೈಯಲ್ಲಿ ಕಸಬು ಬೇಕು. 1920ರ ದಶಕದಲ್ಲಿ ಕಿಯೋಶಿ ಮಸುಯಿ, ಜುರೋ ಹಾಶಿಮೊಟೊ ಮತ್ತು ಅವರ ಜೊತೆಗಾರರು ಮರಿಯ ಹಿಕ್ಕಿ ದ್ವಾರದ ಒಳಅಂಚಿನಲ್ಲಿ ಸಣ್ಣ ಗುಳ್ಳೆ ಇರ್ತದ ಅನ್ನೋದನ್ನ ಪತ್ತೆ ಮಾಡಿದರು. ಗಂಡು ಮರಿಯಲ್ಲಿ ಅದು ದುಂಡಗೆ, ಗಟ್ಟಿಯಾಗಿ, ಹೊಳಪಾಗಿ ಇರ್ತದ. ಹೆಣ್ಣಿನಲ್ಲಿ ಇರೋದಿಲ್ಲ, ಇದ್ದರೂ ಚಪ್ಪಟೆ. ಗುಳ್ಳೆಯ ಗಾತ್ರ ಗುಂಡುಸೂಜಿ ತಲೆಯಷ್ಟು. 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಕೋಳಿ ಸಮ್ಮೇಳನದಲ್ಲಿ ಇದು ಹೊರದೇಶದವರಿಗೆ ತಿಳಿಯಿತು. 1933ರಲ್ಲಿ ಮಸುಯಿ, ಹಾಶಿಮೊಟೊ ಅವರ ಪುಸ್ತಕ ಇಂಗ್ಲಿಷಿನಲ್ಲಿ ಬಂತು. ಜಪಾನಿನಲ್ಲಿ ಇದಕ್ಕಂತಲೇ ಶಾಲೆ ನಡೆದವು. ಕಲಿತವರು ಅಮೆರಿಕ, ಕೆನಡಾ ಹ್ಯಾಚರಿಗಳಿಗೆ ಕೆಲಸಕ್ಕೆ ಹೋದರು.

ಪಳಗಿದವರು ಗಂಟೆಗೆ ಸಾವಿರದ ಹತ್ತಿರ ಮರಿ ಬೇರೆ ಮಾಡ್ತಾರ, 100ಕ್ಕೆ 98 ಸರಿ ಇರ್ತಾವ. ಒಂದು ಮರಿಗೆ ಮೂರ್ನಾಲ್ಕು ಸೆಕೆಂಡ್. ಗುಳ್ಳೆಯಲ್ಲಿ ಎಷ್ಟೋ ತರ ಇರೋದರಿಂದ ಇದನ್ನ ಪುಸ್ತಕ ಓದಿ ಕಲಿಯಾಕ ಬರಂಗಿಲ್ಲ. ಕಲಿಯೋನು ಹೇಳ್ತಾನ, ಗುರು ಸರಿ ಅಥವಾ ತಪ್ಪು ಅಂತಾನ. ಹಿಂಗ ಸಾವಿರಾರು ಮರಿ ಕೈ ದಾಟಿದ ಮ್ಯಾಲ ಕಣ್ಣು ತಾನೇ ಹಿಡಿತದ. ಎತ್ತಿನ ಸುಳಿ ನೋಡೋ ಹಿರೇರು, ಬಳ್ಳಿ ಮ್ಯಾಲಿನ ಕಲ್ಲಂಗಡಿ ಬಡಿದು ಹಣ್ಣಾಗೇದೋ ಇಲ್ಲೋ ಹೇಳೋರು ನಮ್ಮಲ್ಲಿ ಇಲ್ಲೇನು, ಹಂಗೇ ಇದು. ಆದ್ರ ಯಾರೂ ಮನ್ಯಾಗ ಪ್ರಯತ್ನ ಮಾಡಬ್ಯಾಡ್ರಿ. ಕೈ ಪಳಗದವರು ಮರಿ ಹೊಟ್ಟಿ ಒತ್ತಿದ್ರ ಒಳಗ ಪೆಟ್ಟಾಗಿ ಮರಿ ಸಾಯ್ತದ.

ಈ ವಿದ್ಯೆ ಬಂದ ಮೇಲೆ ಹುಂಜದ ಮರಿಗೆ ಏನಾಯಿತು ಅನ್ನೋದು ಕಥೆಯ ಇನ್ನೊಂದು ಭಾಗ. 1948ರ ಹೊತ್ತಿಗೆ ಅಮೆರಿಕದಲ್ಲಿ ಹೆಚ್ಚು ಮಾಂಸದ ಕೋಳಿ ಬೆಳೆಸೋ ದೊಡ್ಡ ಸ್ಪರ್ಧೆ ನಡೆದು, ಇವತ್ತಿನ ಬ್ರಾಯ್ಲರ್ ದಾರಿ ಹಿಡಿಯಿತು. ಕೋಳಿ ಎರಡು ಹೋಳಾಯಿತು: ತತ್ತಿ ಕೋಳಿ ಬೇರೆ, ಮಾಂಸದ ಕೋಳಿ ಬೇರೆ. ಬ್ರಾಯ್ಲರ್‌ನಲ್ಲಿ ಗಂಡು-ಹೆಣ್ಣು ಎರಡೂ 40-42 ದಿನಕ್ಕೆ ಮಾರಾಟಕ್ಕೆ ಹೋಗ್ತಾವ, ಅಲ್ಲಿ ಬೇರೆ ಮಾಡೋ ಗರಜು ಇಲ್ಲ. ತತ್ತಿ ತಳಿಯ ಗಂಡು ಮರಿ ಮಾತ್ರ ಎಲ್ಲಿಗೂ ಸಲ್ಲದೇ ಹೋಯಿತು. ಎಷ್ಟೋ ದೇಶದಲ್ಲಿ ಹುಟ್ಟಿದ ದಿನವೇ ಕೊಂದು ಹಾಕೋ ರೂಢಿ ಬಂತು. ಜರ್ಮನಿ ಒಂದರಲ್ಲೇ ವರ್ಷಕ್ಕೆ ಸುಮಾರು 4.5 ಕೋಟಿ ಮರಿ ಹಿಂಗ ಹೋಗ್ತಿದ್ದವು. 2022ರ ಜನವರಿಯಿಂದ ಆ ದೇಶ ಇದನ್ನ ಕಾನೂನು ಮಾಡಿ ನಿಲ್ಲಿಸಿತು. ಈಗ ಅಲ್ಲಿ ತತ್ತಿ ಕಾವಿನಲ್ಲಿ ಇರುವಾಗಲೇ ಪರೀಕ್ಷೆ ಮಾಡೋ ಯಂತ್ರ ಬಂದಾವ. ಒಂದು ಪದ್ಧತಿಯಲ್ಲಿ ಒಂಬತ್ತನೇ ದಿನದ ಹೊತ್ತಿಗೆ ಲೇಸರ್‌ನಿಂದ ಸಣ್ಣ ತೂತು ಮಾಡಿ, ಒಂದು ಹನಿ ತೆಗೆದು, ಗಂಡೋ ಹೆಣ್ಣೋ ನೋಡ್ತಾರ.

ನಮ್ಮ ದೇಶದಲ್ಲಿ ಆ ಗಂಡು ಮರಿಗಳಲ್ಲಿ ಒಂದಿಷ್ಟು ಅಗ್ಗದ ದರಕ್ಕೆ ಮಾರೋರ ಕೈಗೆ ಹೋಗ್ತಾವ. ಜಾತ್ರಿ, ಸಂತಿಯೊಳಗ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಕ್ಕಳಿಗೆ ಮಾರೋ ಮರಿಗಳಲ್ಲಿ ಭಾಳಷ್ಟು ಇವೇ. ಓಣಿಗೆ ಬರೋ ಬುಟ್ಟಿಯೊಳಗೂ ಇವು ಇರ್ತಾವ. ವಿಚಾರ ಮಾಡ್ರಿ: ಹ್ಯಾಚರಿಯವರು ಕಸಬುದಾರರಿಗೆ ರೊಕ್ಕ ಕೊಟ್ಟು ಹ್ಯಾಟಿ ಬೇರೆ ಮಾಡಿಸಿ ದೊಡ್ಡ ಫಾರಂಗಳಿಗೆ ಕಳಿಸಿದ ಮ್ಯಾಲ, ಉಳಿದದ್ದು ಯಾವುದು? ಬುಟ್ಟಿಯೊಳಗ ಅರ್ಧಕ್ಕಿಂತ ಹೆಚ್ಚು ಹುಂಜ ಬರೋದಕ್ಕ ಕಾರಣ ಇದು. ನಮ್ಮ ಅದೃಷ್ಟ ಕೆಟ್ಟದ್ದಲ್ಲ. ಬ್ರಾಯ್ಲರ್ ಆರು ವಾರಕ್ಕೆ 2 ಕೆ.ಜಿ. ಮುಟ್ಟಿದ್ರ, ಈ ಹುಂಜ ಮೂರು ತಿಂಗಳು ತಿಂದ್ರೂ ಒಂದು ಕೆ.ಜಿ. ಆಸುಪಾಸು.

ನಮ್ಮ ಜವಾರಿ ಕೋಳಿಯ ಲೆಕ್ಕ ಇದರ ತಿರುಗಾ-ಮುರುಗಾ ಅದ. ದುರ್ಗವ್ವನ ಹರಕಿಗೆ ಹುಂಜ ಬೇಕು, ಬೀಗರು ಬಂದ್ರ ಹುಂಜ ಬೇಕು. ಹಬ್ಬದ ಮುಂದ ಬಲಿತ ಜವಾರಿ ಹುಂಜಕ್ಕ ಮನಿಗೆ ಬಂದು ರೊಕ್ಕ ಕೊಟ್ಟು ಒಯ್ತಾರ. ತಿಪ್ಪಿ ಕೆದರಿ, ಕಣದ ಕಾಳು ಹೆಕ್ಕಿ, ಹುಳ ತಿಂದು ಬೆಳೀತದ, ಖರ್ಚು ಭಾಳ ಇಲ್ಲ. ನಮಗ ಗಂಡು ಮರಿ ದಂಡ ಅಲ್ಲ. ಗಂಡು ದಂಡ ಆದ ಕಡಿ ಹುಟ್ಟಿದ ವಿದ್ಯೆ ಇದು. ಅಲ್ಲಿಯ ಚಿಂತಿ ಇಲ್ಲಿ ತಂದು, "ಎಲ್ಲಾ ಹ್ಯಾಟಿ" ಅನ್ನೋ ಮಾತಿಗೆ ಹೆಚ್ಚಿಗಿ ರೊಕ್ಕ ಕೊಡೋದು ಯಾಕ?

ಸರ್ಕಾರಿ ಸಂಸ್ಥೆಗಳು ಹಿತ್ತಲ ಕೋಳಿ ಅಂತ ಮಾಡಿದ ತಳಿಗಳೂ ನಮ್ಮಂಥವರಿಗೇ ಅದಾವ. ಬೆಂಗಳೂರು ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ. ಇವುಗಳ ಮರಿ ಸಾಮಾನ್ಯವಾಗಿ ಗಂಡು-ಹೆಣ್ಣು ಕೂಡಿಸೇ ಕೊಡ್ತಾರ. ಹ್ಯಾಟಿ ತತ್ತಿಗಾಯಿತು, ಹುಂಜ ಮಾಂಸಕ್ಕಾಯಿತು.

ಹಂಗಾದ್ರ ನಾವು ಮಾಡಬೇಕಾದ್ದು:

ಒಂದು, ಮರಿ ತಗೊಳ್ಳುವಾಗ ತಳಿ ಯಾವುದು, ಎಲ್ಲಿ ಹುಟ್ಟಿದ್ದು, ಲಸಿಕೆ ಏನು ಹಾಕ್ಯಾರ ಅಂತ ಕೇಳ್ರಿ. ಚೀಟಿ ಇಲ್ಲದ ಬುಟ್ಟಿಗಿಂತ ಪಶು ಆಸ್ಪತ್ರಿ ಡಾಕ್ಟರ ಹತ್ತಿರ, ಇಲ್ಲಾ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಾಗ ವಿಚಾರಿಸೋದು ಚಲೋ.

ಎರಡು, ಅರ್ಧ ಹುಂಜ ಅಂತಲೇ ಲೆಕ್ಕ ಹಾಕ್ರಿ. ಹತ್ತು ಹ್ಯಾಟಿ ಬೇಕಾದ್ರ, ಸಾಯೋದೂ ಹಿಡಿದು 25 ಮರಿ ತರ್ರಿ.

ಮೂರು, ಆರರಿಂದ ಎಂಟು ವಾರಕ್ಕ ಜುಟ್ಟು ನೋಡ್ರಿ. ಬೇಗ ದೊಡ್ಡದಾಗಿ ಕೆಂಪೇರಿದ್ದು ಹುಂಜ ಇರ್ತದ. ಹತ್ತು-ಹನ್ನೆರಡು ವಾರಕ್ಕ ಕುತ್ತಿಗಿ, ಬೆನ್ನಿನ ಹಿಂಭಾಗದ ಪುಕ್ಕ ನೋಡ್ರಿ. ತುದಿ ಚೂಪಾಗಿ, ಸಪೂರ, ಹೊಳಪಿದ್ರ ಹುಂಜ. ತುದಿ ದುಂಡಗಿದ್ರ ಹ್ಯಾಟಿ. ಜವಾರಿ ಕೋಳಿಗೆ ಇದಕ್ಕಿಂತ ಖಾತ್ರಿ ಗುರುತು ಇಲ್ಲ.

ನಾಕು, ಎಂಟು-ಹತ್ತು ಹ್ಯಾಟಿಗೆ ಒಂದು ಚಲೋ ಹುಂಜ ಸಾಕು. ಉಳಿದವನ್ನ ಹಬ್ಬದ ಹೊತ್ತಿಗೆ ಮಾರಾಕ ಬರೂ ಹಂಗ ಬೆಳೆಸ್ರಿ. ಬೀಜದ ಹುಂಜ ಮಾತ್ರ ಬ್ಯಾರೆ ಊರಿಂದ ಬದಲಿ ಮಾಡಿಕೊಳ್ರಿ, ಒಂದೇ ರಕ್ತ ಕೂಡಿದ್ರ ಮರಿ ಸೊರಗ್ತಾವ.

ಚೂಪು ತತ್ತಿ, ದುಂಡು ತತ್ತಿ ಮಾತು ಇನ್ನೂ ಖರೇ ಅನ್ನೋರು ಒಂದು ಕೆಲಸ ಮಾಡ್ರಿ. ಚೂಪು ತತ್ತಿ ಒಂದು ಹ್ಯಾಟಿ ಕೆಳಗ, ದುಂಡನ್ನವು ಇನ್ನೊಂದು ಹ್ಯಾಟಿ ಕೆಳಗ ಕಾವಿಗೆ ಇಡ್ರಿ. ಹುಟ್ಟಿದ ದಿನ ಚೂಪು ತತ್ತಿ ಮರಿ ಕಾಲಿಗೆ ಕೆಂಪು ದಾರ, ದುಂಡನ್ನವಕ್ಕ ಹಸಿರು ದಾರ ಸಡಿಲಾಗಿ ಕಟ್ರಿ. ಬೆಳೆದಂಗ ದಾರ ಬಿಚ್ಚಿ ಮತ್ತ ಸಡಿಲ ಮಾಡ್ರಿ. ಮೂರು ತಿಂಗಳಿಗೆ ಎಣಿಸಿ, ಎರಡೂ ದಾರದಾಗ ಹುಂಜ ಎಷ್ಟು, ಹ್ಯಾಟಿ ಎಷ್ಟು ಅಂತ ಇಲ್ಲಿ ಕೆಳಗ ಬರೀರಿ. ಹತ್ತು ಮನಿ ಲೆಕ್ಕ ಕೂಡಿದ್ರ ಅರಿಸ್ಟಾಟಲ್ ಸರಿಯೋ, ಕೊಲುಮೆಲ್ಲಾ ಸರಿಯೋ, ಇಬ್ಬರೂ ತಪ್ಪೋ ನಾವೇ ನೋಡೋಣಂತ.