ಮುಂದಿನ ಹೊಡೆತ ಎಲ್ಲಿಂದ: ಗಾಲ್ಫ್ ಪಂದ್ಯದ ಪೂರ್ವಯೋಜನೆ ಕುರಿತ ಟಿಪ್ಪಣಿ

1959ರ ಯು.ಎಸ್. ಓಪನ್ ನಡೆದದ್ದು ನ್ಯೂಯಾರ್ಕ್ ರಾಜ್ಯದ ಮಮರೊನೆಕ್‌ನಲ್ಲಿರುವ ವಿಂಗ್ಡ್ ಫುಟ್ ಕ್ಲಬ್‌ನ ವೆಸ್ಟ್ ಕೋರ್ಸ್‌ನಲ್ಲಿ. ಎ.ಡಬ್ಲ್ಯು. ಟಿಲಿಂಗ್‌ಹಾಸ್ಟ್ ರೂಪಿಸಿ, 1923ರಲ್ಲಿ ಆಟಕ್ಕೆ ತೆರೆದ ಈ ಕೋರ್ಸ್‌ನ ಮೂರನೆಯ ಹೋಲ್ 216 ಗಜದ ಪಾರ್-3. ಗ್ರೀನ್ ಕಿರಿದು, ಎರಡೂ ಪಕ್ಕದಲ್ಲಿ ಆಳವಾದ ಬಂಕರ್‌ಗಳಿವೆ. ಟೀ ಮೇಲೆ ನಿಂತ ಯಾವ ವೃತ್ತಿಪರನೂ ಇಲ್ಲಿ ಗ್ರೀನ್‌ಗೇ ಗುರಿ ಇಡುತ್ತಾನೆ. ಬಿಲ್ಲಿ ಕ್ಯಾಸ್ಪರ್ ಮಾತ್ರ ಒಂದು ಸುತ್ತಿನಲ್ಲೂ ಹಾಗೆ ಮಾಡಲಿಲ್ಲ. ಚೆಂಡನ್ನು ಬೇಕೆಂದೇ ಗ್ರೀನ್‌ಗಿಂತ ಮೊದಲೇ ನಿಲ್ಲಿಸಿದರು, ಅಲ್ಲಿಂದ ಚಿಪ್ ಮಾಡಿದರು, ಒಂದೇ ಪಟ್‌ನಲ್ಲಿ ಮುಗಿಸಿದರು. ನಾಲ್ಕು ಸುತ್ತು, ನಾಲ್ಕು ಪಾರ್. ಕೊನೆಗೆ ಬಾಬ್ ರಾಸ್‌ಬರ್ಗ್ ಅವರಿಗಿಂತ ಒಂದೇ ಒಂದು ಹೊಡೆತ ಕಡಿಮೆ ತೆಗೆದುಕೊಂಡು ಪ್ರಶಸ್ತಿ ಗೆದ್ದರು.

ಗಾಲ್ಫ್ ಬರಹಗಳಲ್ಲಿ ಈ ಪ್ರಸಂಗ ಬಂದಾಗಲೆಲ್ಲ ಅದನ್ನು ಸಂಯಮದ ಪಾಠವಾಗಿಯೇ ಓದಲಾಗುತ್ತದೆ. ಎಚ್ಚರಿಕೆಯಿಂದ ಆಡಿದವನು ಗೆದ್ದ, ದುಡುಕಿದವನು ಸೋತ ಎಂಬ ಈ ಓದು ದೊಡ್ಡ ಪಂದ್ಯಕ್ಕೆ ಸಿದ್ಧವಾಗುವ ಆಟಗಾರನನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಯೋಜನೆಯನ್ನು ಧೈರ್ಯ ಮತ್ತು ಎಚ್ಚರಿಕೆ ಎಂಬ ಎರಡು ಖಾನೆಗಳಲ್ಲಿ ಇಟ್ಟು ನೋಡಿದರೆ ಗೆಲುವು ಎಲ್ಲಿಂದ ಬಂತು ಎಂಬುದು ಕಾಣುವುದಿಲ್ಲ. ಅದು ಕಾಣಬೇಕಾದರೆ ಒಂದೊಂದೇ ಹೊಡೆತವನ್ನು ಬಿಡಿಸಿ, ಬೆಲೆ ಕಟ್ಟಿ ನೋಡಬೇಕು.

ಬೆಲೆ ಕಟ್ಟುವ ವಿಧಾನ ಈಗ ನಮ್ಮ ಕೈಯಲ್ಲಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಬ್ಯುಸಿನೆಸ್ ಸ್ಕೂಲ್‌ನ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ಪಿಜಿಎ ಟೂರ್‌ನ ಶಾಟ್‌ಲಿಂಕ್ ದಾಖಲೆಗಳನ್ನು ಆಧರಿಸಿ ‘ಸ್ಟ್ರೋಕ್ಸ್ ಗೇನ್ಡ್’ ಎಂಬ ಅಳತೆಯನ್ನು ರೂಪಿಸಿದರು. 2011ರಲ್ಲಿ ಟೂರ್ ಅದನ್ನು ಮೊದಲು ಪಟಿಂಗ್‌ಗೆ ಅಳವಡಿಸಿಕೊಂಡಿತು. ಇದರ ತಿರುಳು ಸರಳ: ಇಂಥ ಜಾಗದಲ್ಲಿ ಚೆಂಡು ಇದ್ದರೆ, ಅಲ್ಲಿಂದ ಹೋಲ್ ಮುಗಿಸಲು ವೃತ್ತಿಪರ ಆಟಗಾರನಿಗೆ ಸರಾಸರಿ ಎಷ್ಟು ಹೊಡೆತ ಬೇಕು? ಫೇರ್‌ವೇಯಲ್ಲಿ 100 ಗಜ ದೂರವಿದ್ದರೆ ಸುಮಾರು 2.8, 160 ಗಜವಿದ್ದರೆ ಸುಮಾರು 2.98, 200 ಗಜವಿದ್ದರೆ 3.19ರ ಆಸುಪಾಸು. ಅದೇ 100 ಗಜ ರಫ್‌ನಲ್ಲಾದರೆ 3.02. ಗ್ರೀನ್‌ನ ಹತ್ತಿರ 20 ಗಜದಲ್ಲಿ ಹುಲ್ಲು ಚೆನ್ನಾಗಿದ್ದರೆ 2.4. ಎಂಟು ಅಡಿಯ ಪಟ್ ಆದರೆ 1.5, ಅಂದರೆ ಟೂರ್ ಆಟಗಾರರೂ ಅದನ್ನು ಹಾಕುವುದು ಎರಡಕ್ಕೆ ಒಂದು ಸಲ.

ಕ್ಯಾಸ್ಪರ್ ಅವರ ಮೂರನೆಯ ಹೋಲ್‌ಗೆ ಈ ಅಂಕಿಗಳನ್ನು ಹಚ್ಚಿ ನೋಡೋಣ. ಇವು ಇಂದಿನ ಸರಾಸರಿಗಳು, ಆಗಿನ ಕೋಲು ಮತ್ತು ಚೆಂಡು ಬೇರೆ. ಹಾಗಾಗಿ ಲೆಕ್ಕ ದಿಕ್ಕನ್ನಷ್ಟೇ ತೋರಿಸುತ್ತದೆ. ಗ್ರೀನ್ ಮುಂದೆ ಚೆಂಡು ನಿಲ್ಲಿಸಲು ಒಂದು ಹೊಡೆತ, ಅಲ್ಲಿಂದ ಸರಾಸರಿ 2.4: ಒಟ್ಟು 3.4. ನಾಲ್ಕು ಸುತ್ತಿಗೆ 13.6. ಆ ದೂರದ ಟೀಯಿಂದ ನೇರವಾಗಿ ಹೊಡೆದರೆ ಇಂದಿನ ಸರಾಸರಿ 3.2ರ ಹತ್ತಿರ, ನಾಲ್ಕು ಸುತ್ತಿಗೆ ಸುಮಾರು 12.8. ಸರಾಸರಿ ಆಟಗಾರನ ಮಟ್ಟಿಗೆ ಕ್ಯಾಸ್ಪರ್ ಯೋಜನೆ ದುಬಾರಿಯೇ. ಆದರೆ ಅವರು ತೆಗೆದುಕೊಂಡದ್ದು ಬರೀ 12. ಚಿಪ್ ಮತ್ತು ಪಟ್‌ನಲ್ಲೇ ಅವರು ಒಂದೂವರೆ ಹೊಡೆತದಷ್ಟು ಉಳಿಸಿದ್ದಾರೆ, ಗೆದ್ದ ಅಂತರವಾದರೋ ಒಂದು. ಆ ವಾರ 72 ಹೋಲ್‌ಗಳಿಗೆ ಅವರು ಬಳಸಿದ್ದು 114 ಪಟ್. ಆದ್ದರಿಂದ ಅವರು ಬಂಕರ್‌ಗೆ ಹೆದರಿ ಹಿಂದೆ ಸರಿದರು ಎನ್ನುವುದು ಅರ್ಧ ವಿವರಣೆ ಮಾತ್ರ. ತಮ್ಮ ಕೈಯಲ್ಲಿದ್ದ ಅತ್ಯುತ್ತಮ ಕೋಲು ಯಾವುದೆಂದು ಬಲ್ಲವರು, ಅದಕ್ಕೇ ಕೆಲಸ ಸಿಗುವಂತೆ ಹೋಲ್ ಅನ್ನು ಮರುರಚಿಸಿಕೊಂಡರು.

ಇಂಥದೇ ತಪ್ಪು ಓದಿಗೆ ಇನ್ನೂ ಹೆಚ್ಚಾಗಿ ಸಿಕ್ಕಿದ್ದು 2007ರ ಮಾಸ್ಟರ್ಸ್. ಆ ವರ್ಷ ಅಗಸ್ಟಾದಲ್ಲಿ ಚಳಿ, ಗಾಳಿ, ಗಟ್ಟಿ ಗ್ರೀನ್. ಝ್ಯಾಕ್ ಜಾನ್ಸನ್ ಉದ್ದ ಹೊಡೆಯುವವರಲ್ಲ. ಅಗಸ್ಟಾದಲ್ಲಿ 2, 8, 13, 15 ಈ ನಾಲ್ಕು ಪಾರ್-5 ಹೋಲ್‌ಗಳು. 13 ಮತ್ತು 15ರಲ್ಲಿ ಗ್ರೀನ್ ಮುಂದೆ ನೀರು. ನಾಲ್ಕು ಸುತ್ತಿನ ಹದಿನಾರು ಅವಕಾಶಗಳಲ್ಲಿ ಒಮ್ಮೆಯೂ ಅವರು ಎರಡನೇ ಹೊಡೆತಕ್ಕೆ ಗ್ರೀನ್ ಮುಟ್ಟಲು ಯತ್ನಿಸಲಿಲ್ಲ. ಪ್ರತಿ ಸಲ ವೆಜ್ ದೂರಕ್ಕೆ ಲೇ-ಅಪ್. ಫಲ: 11 ಬರ್ಡಿ, 5 ಪಾರ್, ಒಂದೂ ಬೋಗಿ ಇಲ್ಲ. ಒಟ್ಟು 289, ಪಾರ್‌ಗಿಂತ ಒಂದು ಹೆಚ್ಚು. ಟೈಗರ್ ವುಡ್ಸ್, ರೆಟೀಫ್ ಗೂಸನ್, ರೋರಿ ಸಬಟೀನಿ ಎರಡು ಹೊಡೆತ ಹಿಂದೆ.

ಅಂದಿನಿಂದ ಕ್ಲಬ್ ಆಟಗಾರರ ಬಾಯಲ್ಲಿ ಜಾನ್ಸನ್ ಹೆಸರು ಲೇ-ಅಪ್‌ಗೆ ಸಾಕ್ಷಿಯಾಗಿ ನಿಂತಿದೆ. ಹೊಡೆತಗಳನ್ನು ಎಣಿಸಿದರೆ ಬೇರೆ ಚಿತ್ರ ಬರುತ್ತದೆ. ಹದಿನಾರು ಹೋಲ್‌ಗಳಿಗೆ ಒಟ್ಟು 69 ಹೊಡೆತ. ಪ್ರತಿ ಹೋಲ್‌ನ ಮೊದಲ ಎರಡನ್ನು, ಅಂದರೆ 32ನ್ನು ಕಳೆದರೆ ಉಳಿಯುವುದು 37. ಲೇ-ಅಪ್ ಮಾಡಿದ ಜಾಗದಿಂದ ಹೋಲ್ ಮುಗಿಸಲು ಅವರಿಗೆ ಸರಾಸರಿ 2.31 ಹೊಡೆತ ಸಾಕಾಯಿತು. 80 ಗಜದ ಆಸುಪಾಸಿನಲ್ಲಿ ಟೂರ್ ಸರಾಸರಿ 2.75 ಎಂದಿಟ್ಟುಕೊಂಡರೆ, ಹದಿನಾರು ಹೋಲ್‌ಗಳಿಗೆ 44 ಬೇಕಿತ್ತು. ಏಳು ಹೊಡೆತಗಳ ಉಳಿತಾಯ! ಎರಡು ಹೊಡೆತಗಳ ಅಂತರದಲ್ಲಿ ಗೆದ್ದ ಪಂದ್ಯದಲ್ಲಿ ಇದು ಅಗಾಧ. ವೆಜ್ ಮತ್ತು ಪಟರ್‌ನಲ್ಲಿ ಆ ಮಟ್ಟದ ಕೈ ಇಲ್ಲದವನು ಅದೇ ಯೋಜನೆಯನ್ನು ಅನುಕರಿಸಿದರೆ ಹದಿನಾರು ಹೋಲ್‌ಗಳಲ್ಲಿ ನಾಲ್ಕೈದು ಬರ್ಡಿಗೆ ನಿಲ್ಲಬೇಕಾಗುತ್ತದೆ. ಜಾನ್ಸನ್ ಯೋಜನೆ ಸರಿಯಾಗಿತ್ತು, ಆದರೆ ಅದು ಜಾನ್ಸನ್‌ಗೆ ಸರಿಯಾಗಿತ್ತು.

ಇಲ್ಲಿಯವರೆಗೆ ಆಟಗಾರನ ಕೈ. ನೆಲದ ಪಾಲು ಸ್ಪಷ್ಟವಾಗಿ ಕಾಣುವುದು 2006ರ ದಿ ಓಪನ್‌ನಲ್ಲಿ. ಇಂಗ್ಲೆಂಡಿನ ಹೊಯ್ಲೇಕ್‌ನಲ್ಲಿ ಆ ಬೇಸಿಗೆ ಮಳೆಯಿಲ್ಲದೆ ಫೇರ್‌ವೇಗಳು ಕಂದುಬಣ್ಣಕ್ಕೆ ತಿರುಗಿದ್ದವು. ಬಿದ್ದ ಚೆಂಡು ಉರುಳುತ್ತಲೇ ಹೋಗುತ್ತಿತ್ತು. ವುಡ್ಸ್ ಆಗ ಜಗತ್ತಿನ ಉದ್ದ ಹೊಡೆತಗಾರರಲ್ಲಿ ಒಬ್ಬರು. ಆದರೂ 72 ಹೋಲ್‌ಗಳಲ್ಲಿ ಡ್ರೈವರ್ ಹೊರತೆಗೆದದ್ದು ಒಂದೇ ಸಲ. ಟೀಗಳಿಂದ ಹೆಚ್ಚಾಗಿ ಉದ್ದ ಐರನ್‌ಗಳನ್ನೇ ಬಳಸಿ, ಗೋಡೆ ಕಟ್ಟಿದ ಹಾಗೆ ಅಂಚು ಕಡಿದಾದ ಫೇರ್‌ವೇ ಬಂಕರ್‌ಗಳಿಗಿಂತ ಮೊದಲೇ ಚೆಂಡು ನಿಲ್ಲಿಸಿದರು. 270ಕ್ಕೆ ಮುಗಿಸಿ, ಕ್ರಿಸ್ ಡಿಮಾರ್ಕೊ ಅವರನ್ನು ಎರಡು ಹೊಡೆತಗಳಿಂದ ಹಿಂದಿಕ್ಕಿದರು.

ಈ ನಿರ್ಧಾರದ ಒಳಲೆಕ್ಕ ಹೀಗಿರಬೇಕು. 160ರ ಬದಲು 200 ಗಜದಿಂದ ಗ್ರೀನ್‌ಗೆ ಹೊಡೆಯಬೇಕಾದರೆ ನಷ್ಟ ಹೊಡೆತದ ಐದನೇ ಒಂದು ಭಾಗ. ಲಿಂಕ್ಸ್ ಕೋರ್ಸ್‌ನ ಗುಂಡಿ ಬಂಕರ್‌ಗೆ ಬಿದ್ದರೆ ಅನೇಕ ಸಲ ಚೆಂಡನ್ನು ಪಕ್ಕಕ್ಕೋ ಹಿಂದಕ್ಕೋ ತಳ್ಳಬೇಕಾಗುತ್ತದೆ. ನಷ್ಟ ಹೆಚ್ಚುಕಡಿಮೆ ಒಂದು ಪೂರ್ಣ ಹೊಡೆತ. ಅಂದಮೇಲೆ ಡ್ರೈವರ್ ಹೊಡೆದ ಐದು ಸಲದಲ್ಲಿ ಒಂದಕ್ಕಿಂತ ಹೆಚ್ಚು ಸಲ ಚೆಂಡು ಬಂಕರ್ ಸೇರುವಂತಿದ್ದರೆ ಐರನ್ನೇ ಲಾಭ. ನೆಲ ಒಣಗಿ ಗಟ್ಟಿಯಾದಾಗ ಉರುಳುವಿಕೆಯ ನೆರವಿನಿಂದ ಐರನ್ ಕೂಡ ದೂರ ಹೋಗುತ್ತದೆ, ಅದೇ ಉರುಳುವಿಕೆ ಡ್ರೈವರ್ ಚೆಂಡನ್ನು ಬಂಕರ್‌ಗೆ ಎಳೆಯುತ್ತದೆ. ಮಳೆ ಬಿದ್ದು ನೆಲ ಮೆತ್ತಗಾಗಿದ್ದರೆ ಇದೇ ಕೋರ್ಸ್‌ಗೆ ಈ ಯೋಜನೆ ಒಗ್ಗುತ್ತಿರಲಿಲ್ಲ. ಪಂದ್ಯಕ್ಕೆ ತಿಂಗಳ ಮುಂಚೆ ಬರೆದಿಟ್ಟ ಯೋಜನೆಯನ್ನು ಅಭ್ಯಾಸ ಸುತ್ತಿನ ದಿನ ನೆಲ ಮುಟ್ಟಿ ನೋಡಿ ತಿದ್ದದಿದ್ದರೆ ಅದು ಕಾಗದವಾಗಿಯೇ ಉಳಿಯುತ್ತದೆ.

ಅಭ್ಯಾಸ ಸುತ್ತುಗಳನ್ನು ಹೇಗೆ ಬಳಸಬೇಕು ಎಂಬುದಕ್ಕೂ ಇದರಲ್ಲಿ ಸೂಚನೆಯಿದೆ. ಹಲವರು ಅಭ್ಯಾಸ ಸುತ್ತಿನಲ್ಲಿ ಸ್ಕೋರ್ ಎಣಿಸುತ್ತಾರೆ; ಅದರಿಂದ ತಿಳಿಯುವುದು ಅತ್ಯಲ್ಪ. ತಿಳಿಯಬೇಕಾದದ್ದು ತನ್ನ ಹೊಡೆತಗಳ ಹರವು. ರೇಂಜ್‌ನಲ್ಲಿ ಒಂದೇ ಕೋಲಿನಿಂದ ಸಾಕಷ್ಟು ಚೆಂಡು ಹೊಡೆದು, ಎಡತುದಿಯಿಂದ ಬಲತುದಿಗೆ ಎಷ್ಟು ಗಜ ಅಗಲ ಹರಡಿವೆ ಎಂದು ಅಳೆದು, ಆ ಅಗಲವನ್ನು ಯಾರ್ಡೇಜ್ ಪುಸ್ತಕದ ಪ್ರತಿ ಟೀ ಚಿತ್ರದ ಮೇಲೆ ಕೂರಿಸಬೇಕು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಸಾಧಾರಣ ರಫ್ ಇದ್ದರೆ, ಇಡೀ ಹರವೇ ನೀರಿನಿಂದ ಆಚೆ ಬೀಳುವಷ್ಟು ಗುರಿಯನ್ನು ಸರಿಸಬೇಕು. ಆಗ ಎಷ್ಟೋ ಸಲ ಗುರಿ ಫೇರ್‌ವೇಯ ನಡುವೆ ಇರದೆ ರಫ್‌ನ ಅಂಚಿಗೇ ಹೋಗುತ್ತದೆ, ಆಟಗಾರನಿಗೆ ಅದು ಒಪ್ಪಿಗೆಯಾಗುವುದು ಕಷ್ಟ. ಗ್ರೀನ್ ವಿಚಾರದಲ್ಲೂ ಅಷ್ಟೆ: ಧ್ವಜ ಎಲ್ಲಿರುತ್ತದೆಂದು ಗೊತ್ತಾಗುವುದು ಪಂದ್ಯದ ದಿನ, ಆದರೆ ಯಾವ ಪಕ್ಕ ತಪ್ಪಿದರೆ ಏರುಮುಖದ ಚಿಪ್ ಸಿಗುತ್ತದೆ, ಯಾವ ಪಕ್ಕ ತಪ್ಪಿದರೆ ಇಳಿಜಾರಿನಲ್ಲಿ ಚೆಂಡು ನಿಲ್ಲುವುದೇ ಇಲ್ಲ ಎಂಬುದನ್ನು ಮುಂಚೆಯೇ ಗುರುತಿಸಬಹುದು. ವಿಂಗ್ಡ್ ಫುಟ್‌ನಂಥ ಹಿಂದಿನಿಂದ ಮುಂದಕ್ಕೆ ಬಾಗಿದ ಗ್ರೀನ್‌ಗಳಲ್ಲಿ ಗ್ರೀನ್‌ಗಿಂತ ಮೊದಲೇ ನಿಂತ ಚೆಂಡು ಎಷ್ಟೋ ಸಲ ದಾಟಿಹೋದ ಚೆಂಡಿಗಿಂತ ಲೇಸು.

ಅದೇ ವಿಂಗ್ಡ್ ಫುಟ್‌ನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಕಾರಣ ಪ್ರೇಕ್ಷಕರಿಲ್ಲದೆ ನಡೆದ ಯು.ಎಸ್. ಓಪನ್ ಅನ್ನು ಬ್ರೈಸನ್ ಡಿಶಾಂಬೋ ಗೆದ್ದದ್ದು ಕ್ಯಾಸ್ಪರ್‌ಗೆ ಪೂರ್ತಿ ವಿರುದ್ಧವಾದ ದಾರಿಯಲ್ಲಿ. 56 ಫೇರ್‌ವೇಗಳಲ್ಲಿ ಅವರ ಚೆಂಡು ಬಿದ್ದದ್ದು 23ಕ್ಕೆ ಮಾತ್ರ. ಪಾರ್‌ಗಿಂತ ಆರು ಕಡಿಮೆ, ಎರಡನೆಯವರಿಗಿಂತ ಆರು ಹೊಡೆತ ಮುಂದೆ. ಕಿರಿದಾದ ಫೇರ್‌ವೇ ಎಲ್ಲರಿಗೂ ತಪ್ಪುತ್ತದೆ. ಹೇಗೂ ತಪ್ಪುವುದಾದರೆ ಗ್ರೀನ್‌ಗೆ ಹತ್ತಿರವಾಗಿಯೇ ತಪ್ಪೋಣ ಎಂಬುದು ಅವರ ತರ್ಕ. ಬ್ರಾಡಿ ಅಂಕಿಗಳಲ್ಲಿ ರಫ್‌ನ 100 ಗಜವೂ ಫೇರ್‌ವೇಯ 160 ಗಜವೂ ಹೆಚ್ಚುಕಡಿಮೆ ಒಂದೇ ಬೆಲೆ. ಆಳವಾದ ಹುಲ್ಲಿನಿಂದ ವೆಜ್ ಚೆಂಡನ್ನು ಎತ್ತುವ ತೋಳ್ಬಲ ಅವರಲ್ಲಿತ್ತು. ಕ್ಯಾಸ್ಪರ್ ಮತ್ತು ಡಿಶಾಂಬೋ ಇಬ್ಬರೂ ಒಂದೇ ಪ್ರಶ್ನೆಗೆ ತಮ್ಮ ತಮ್ಮ ಉತ್ತರ ಬರೆದವರು. ಒಬ್ಬರನ್ನು ವಿವೇಕಿ, ಇನ್ನೊಬ್ಬರನ್ನು ಸಾಹಸಿ ಎಂದು ಕರೆಯುವುದರಿಂದ ಏನೂ ಸ್ಪಷ್ಟವಾಗುವುದಿಲ್ಲ.

ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಅದಿತಿ ಅಶೋಕ್. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಕಸುಮಿಗಸೇಕಿ ಕೋರ್ಸ್‌ನಲ್ಲಿ, ತಾಯಿಯೇ ಕ್ಯಾಡಿಯಾಗಿ ಜೊತೆಗಿದ್ದ ಆ ವಾರ ಅವರು 67, 66, 68, 68 ಆಡಿ ನಾಲ್ಕನೆಯವರಾದರು. ಒಂದು ಹೊಡೆತದಲ್ಲಿ ಪದಕ ತಪ್ಪಿತು. ಡ್ರೈವ್ ಉದ್ದದಲ್ಲಿ ಅವರು ಅರವತ್ತು ಮಂದಿಯ ಕಣದಲ್ಲಿ ಕೆಳತುದಿಯಲ್ಲಿದ್ದರು, ಪಟಿಂಗ್‌ನಲ್ಲಿ ಮೇಲ್ತುದಿಯಲ್ಲಿ. ಬ್ರಾಡಿ ಅವರ ಪ್ರಕಾರ ಪಿಜಿಎ ಟೂರ್‌ನ ಅಗ್ರ ನಲವತ್ತು ಆಟಗಾರರ ಮೇಲುಗೈಯಲ್ಲಿ ಪಟಿಂಗ್‌ನ ಪಾಲು ಶೇ 15 ಮಾತ್ರ, ಗ್ರೀನ್‌ಗೆ ಹೊಡೆಯುವ ಅಪ್ರೋಚ್ ಹೊಡೆತಗಳದ್ದು ಶೇ 40. ಆದರೆ ಗೆದ್ದ ವಾರಗಳನ್ನಷ್ಟೇ ತೆಗೆದುಕೊಂಡರೆ ಪಟಿಂಗ್ ಪಾಲು ಶೇ 35ರ ಹತ್ತಿರಕ್ಕೆ ಏರುತ್ತದೆ. ವರ್ಷವಿಡೀ ಯಾರು ಉತ್ತಮರು ಎಂಬ ಪ್ರಶ್ನೆಯೂ ಈ ನಾಲ್ಕು ದಿನ ಯಾರು ಗೆಲ್ಲಬಹುದು ಎಂಬ ಪ್ರಶ್ನೆಯೂ ಬೇರೆ ಬೇರೆ. ಉದ್ದ ಹೊಡೆಯಲಾಗದ ಆಟಗಾರ್ತಿಗೆ ಒಲಿಂಪಿಕ್ ಪದಕದ ಅಂಚಿಗೆ ಹೋಗುವ ದಾರಿ ಇದೆ ಎಂಬುದು ನಮ್ಮ ಕಿರಿಯ ಆಟಗಾರರು ತಿಳಿಯಲೇಬೇಕಾದ ಸಂಗತಿ.

ಕೊನೆಯದಾಗಿ ಒಂದು ತೊಡಕು. ಈವರೆಗಿನ ಲೆಕ್ಕವೆಲ್ಲ ಸರಾಸರಿಯದು, ಮತ್ತು 71 ಹೋಲ್‌ಗಳಿಗೆ ಸರಾಸರಿ ಸಾಕು. ಕೊನೆಯ ಹೋಲ್‌ಗೆ ಅದು ಸಾಲದು. 2006ರ ಯು.ಎಸ್. ಓಪನ್ ಕೂಡ ವಿಂಗ್ಡ್ ಫುಟ್‌ನಲ್ಲೇ ನಡೆಯಿತು. ಫಿಲ್ ಮಿಕೆಲ್ಸನ್ ಹದಿನೆಂಟನೆಯ ಟೀಗೆ ಬಂದಾಗ ಒಂದು ಹೊಡೆತ ಮುಂದಿದ್ದರು. ಅಂದು ಅವರು ಹಿಡಿದಿದ್ದ ಫೇರ್‌ವೇಗಳು ಎರಡೇ. ಪಾರ್ ಮಾಡಿದರೆ ಪ್ರಶಸ್ತಿ. ಬೋಗಿಯಾದರೆ ಜೆಫ್ ಓಗಿಲ್ವಿ ಜೊತೆ ಮರುದಿನ 18 ಹೋಲ್‌ಗಳ ಪ್ಲೇಆಫ್. ಡಬಲ್ ಬೋಗಿಯಾದರೆ ಎಲ್ಲವೂ ಹೋಯಿತು. ಬರ್ಡಿಯಿಂದ ಪಾರ್‌ಗಿಂತ ಹೆಚ್ಚಿನದೇನೂ ಸಿಗುವಂತಿರಲಿಲ್ಲ. ಹಾಗಾಗಿ ಅಲ್ಲಿ ಕೇಳಬೇಕಾಗಿದ್ದದ್ದು ಯಾವ ಕೋಲಿಗೆ ಸರಾಸರಿ ಕಡಿಮೆ ಎಂದಲ್ಲ, ಯಾವ ಕೋಲಿಗೆ ಆರು ಬರುವ ಸಾಧ್ಯತೆ ಕಡಿಮೆ ಎಂದು. ಅವರು ಡ್ರೈವರ್ ತೆಗೆದರು. ಚೆಂಡು ಎಡಕ್ಕೆ ದೂರ ಹೋಗಿ ಅತಿಥಿಗಳ ಡೇರೆಗೆ ತಾಗಿತು, ಎರಡನೆಯದು ಮರಕ್ಕೆ, ಮೂರನೆಯದು ಬಂಕರ್‌ನ ಮರಳಿನಲ್ಲಿ ಹೂತಿತು, ಬಂದದ್ದು ಆರು. ಅದಕ್ಕೆ ಸ್ವಲ್ಪ ಮುಂಚೆ ಕಾಲಿನ್ ಮಾಂಟ್‌ಗೊಮರಿ ಇದೇ ಹೋಲ್‌ನಲ್ಲಿ ಫೇರ್‌ವೇಯ ನಡುವಿನಿಂದ ಹೊಡೆದೂ ಆರು ತೆಗೆದುಕೊಂಡಿದ್ದರು ಎಂಬುದನ್ನು ಮಿಕೆಲ್ಸನ್ ವಿಮರ್ಶಕರು ಮರೆಯಬಾರದು. ಓಗಿಲ್ವಿಯ ಡ್ರೈವ್ ಬೇರೊಬ್ಬರ ಹೊಡೆತ ಕಿತ್ತ ಹುಲ್ಲಿನ ತಗ್ಗಿನಲ್ಲಿ ಬಿದ್ದಿತ್ತು, ಎರಡನೇ ಹೊಡೆತ ಗ್ರೀನ್ ಏರಲಾರದೆ ಹಿಂದಕ್ಕೆ ಉರುಳಿತು. ಅವರು ಅಲ್ಲಿಂದ ಚಿಪ್ ಮಾಡಿ, ಪಟ್ ಹಾಕಿ, ನಾಲ್ಕರಲ್ಲಿ ಮುಗಿಸಿದರು. ಪಾರ್‌ಗಿಂತ ಐದು ಹೆಚ್ಚು ಹೊಡೆತಗಳೊಂದಿಗೆ ಪ್ರಶಸ್ತಿ ಅವರದಾಯಿತು.