ಬಾಚಿಯ ಬಾಯಿ

ಶಿಗ್ಗಾವಿಯ ಕಲಾವಿದ ಗೆಳೆಯರೊಬ್ಬರು ಜಲವರ್ಣದಲ್ಲಿ ಬಾಚಿಯೊಂದನ್ನು ಬರೆದಿದ್ದಾರೆ. ಬೆವರು ಕುಡಿದು ಕಪ್ಪಾದ ಕಾವು, ತುಕ್ಕಿನ ಕಂದು, ಮಸೆದು ಮಸೆದು ಸವೆದ ಬಾಯಿ. ಆ ಬಾಯಿಯ ಹೊಳಪಿಗೆ ಅವರು ಬಣ್ಣವನ್ನೇ ಮುಟ್ಟಿಸಿಲ್ಲ, ಕಾಗದವನ್ನು ಹಾಗೇ ಬಿಟ್ಟಿದ್ದಾರೆ. ಜಲವರ್ಣದಲ್ಲಿ ಬಿಳುಪನ್ನು ಹಚ್ಚುವುದಿಲ್ಲ, ಉಳಿಸಿಕೊಳ್ಳುತ್ತಾರೆ. ಒಂದು ಹನಿ ಅತ್ತ ಹರಿದಿದ್ದರೂ ಬಾಚಿ ಮೊಂಡಾಗುತ್ತಿತ್ತು. ಕೆಳಗೆ ಬರೆದ ಹೆಸರು ಮಾತ್ರ 'ಹಳೆಯ ಉಪಕರಣ'. ಬಾಚಿ ಅಂತಲೇ ಬರೆಯಬಾರದಿತ್ತೇ?

ಬೆಂಗಳೂರಿನವರಿಗೆ ತಲೆ ಬಾಚುವುದು ನೆನಪಾದೀತೆಂಬ ಅಳುಕೋ ಏನೋ. ಹಾವೇರಿ ಸೀಮೆಯಲ್ಲಿ ಆ ಗೊಂದಲ ಕಡಿಮೆ. ಇಲ್ಲಿ ತಲಿ ಹಿಕ್ಕುತ್ತಾರೆ, ಅದಕ್ಕೆ ಹಣಿಗೆ ಬೇಕು. ಬಾಚಿ ಬಡಿಗೇರರದು. ಕೊಡಲಿಯ ಬಾಯಿ ಕಾವಿನ ಗುಂಟ ಇದ್ದರೆ ಬಾಚಿಯದು ಅಡ್ಡ. ಕಟ್ಟಿಗೆಯನ್ನು ಕಾಲಲ್ಲಿ ಅದುಮಿ ಹಿಡಿದು ತನ್ನ ಕಡೆಗೇ ಹೊಡೆದುಕೊಳ್ಳಬೇಕು. ನೋಡುವವರ ಎದೆ ಝಲ್ಲೆನ್ನುತ್ತದೆ. ಹೊಡೆಯುವವ ಮಳೆಯ ಸುದ್ದಿ ಮಾತಾಡುತ್ತಿರುತ್ತಾನೆ.

ಸಂಸ್ಕೃತದ 'ವಾಶೀ' ಇದರ ಮೂಲ ಎನ್ನುತ್ತಾರೆ. ಋಗ್ವೇದದ ದೇವತೆಯೊಬ್ಬನ ಕೈಯಲ್ಲೂ ಅದಿದೆ. ನನಗೆ ದೇವತೆಗಿಂತ 12ನೆಯ ಶತಮಾನದ ಶರಣ ಬಾಚಿಕಾಯಕದ ಬಸವಯ್ಯನೇ ಹತ್ತಿರ. ಊರಿನಿಂದಲ್ಲ, ಮನೆತನದಿಂದಲ್ಲ, ಕೈಯಲ್ಲಿ ಹಿಡಿದದ್ದರಿಂದ ಹೆಸರಾದವನು. ಹೆಂಡತಿ ಕಾಳವ್ವೆಯೂ ವಚನ ಬರೆದವಳು, ಅವಳ ಹೆಸರಿನ ಮುಂದೆಯೂ ಗಂಡನ ಬಾಚಿಯೇ. ಅವಳ ಸ್ವಂತ ಕೈಕೆಲಸಕ್ಕೆ ಹೆಸರಿನಲ್ಲಿ ಜಾಗ ಸಿಗಲಿಲ್ಲ.

ಉಳಿಯ ಅದೃಷ್ಟ ಬೇರೆ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಕತ್ತೆತ್ತಿ ಕಲ್ಲಿನ ಕಮಲ ನೋಡಿದವರೆಲ್ಲ ಉಳಿಯನ್ನು ಹೊಗಳುತ್ತಾರೆ. ಬಾಚಿ ಕೆತ್ತಿದ ಜಾಲಿ ಕಟ್ಟಿಗೆಯ ರಂಟಿ, ಕುಂಟಿ, ಕೂರಿಗೆಗಳು ಹೊಲದಲ್ಲಿ ಸವೆದು ಕೊನೆಗೆ ಒಲೆ ಸೇರಿದವು. (ಸವಣೂರಿನ ದೊಡ್ಡಹುಣಸೆ ಮರಗಳು ಬಾಚಿಗೆ ಎಂದೂ ಅಂಜಿದವಲ್ಲ. ಆಫ್ರಿಕಾ ಮೂಲದ ಆ ದೈತ್ಯರ ಮೆದು ಕಟ್ಟಿಗೆಯಿಂದ ಒಂದು ನೊಗವೂ ಆಗದು.) ಸುಗ್ಗಿಯಲ್ಲಿ ಕಣಕ್ಕೆ ಬಂದ ಬಡಿಗನಿಗೆ ಕಾಳಿನ ಆಯ ಸಲ್ಲುತ್ತಿತ್ತು. ಈಗ ಹಿರೇಕೆರೂರಿನ ಹೊಲಗಳಲ್ಲಿ ಟ್ರ್ಯಾಕ್ಟರು, ಕಬ್ಬಿಣದ ಕುಂಟಿ. ಆಯ ಹೋಯಿತು, ಬಡಿಗೇರ ಎಂಬ ಅಡ್ಡಹೆಸರು ಉಳಿಯಿತು.

ಬಾಚಿ ಪೂರ್ತಿ ಹೋಗಿಲ್ಲ. ಬಾಗಿಲು ಕೂರಿಸಲು ಬರುವ ಬಡಿಗನ ಚೀಲದಲ್ಲಿ ಕರೆಂಟಿನ ಗರಗಸದ ಪಕ್ಕ ಅದೂ ಇರುತ್ತದೆ. ಗೂಟ ಚೂಪು ಮಾಡಲು ಅದರ ಬಾಯಿ, ಮೊಳೆ ಬಡಿಯಲು ಅದರ ಬೆನ್ನು.